ಕೂಡಿಸಿದ ಹದಿನಾರು ಮಿಲಿಮೀಟರ್

ಭೀಮಾಶಂಕರ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕಥೆ ಮುಗಿಯುವಷ್ಟರಲ್ಲಿ ಅವನ ಕಪಾಳಕ್ಕೊಂದು ಬಿಗಿಯಬೇಕು ಎಂದು ನಿಮಗೇ ಅನ್ನಿಸಬಹುದು. ಯಾರ ಮೋಟಾರು ಸುಟ್ಟರೂ, ಯಾರ ಸ್ಟಾರ್ಟರ್ ಕೆಟ್ಟರೂ ಉಣ್ಣುವ ತಾಟು ಬಿಟ್ಟು ಎದ್ದು ಹೋಗುವವನು ಅವನು. ತಿಕೋಟಾ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ರಿಪೇರಿ ಅಂಗಡಿ, ಮನೆ ಬಿಜ್ಜರಗಿಯಲ್ಲಿ. ಮನೆಯಲ್ಲಿ ಮೂರೇ ಜನ: ಅವನು, ಅವನ ತಾಯಿ ಗೌರಾಬಾಯಿ, ಮಗಳು ರಾಜೇಶ್ವರಿ. ಹೆಂಡತಿ ತೀರಿಕೊಂಡಾಗ ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಂದಿನಿಂದ ಅವನಿಗೊಂದು ರೋಗ ಹತ್ತಿಕೊಂಡಿತ್ತು. ಆ ಹುಡುಗಿ ಅತ್ತರೆ ಅವನಿಗೆ ತಡೆಯಲಾಗುತ್ತಿರಲಿಲ್ಲ. ಅವಳು ಎಡವಿ ಬಿದ್ದರೆ ನೆಲಕ್ಕೆ ಹೊಡೆಯುತ್ತಿದ್ದ, ಅಂಕ ಕಡಿಮೆ ಬಂದರೆ ಮಾಸ್ತರನನ್ನು ಬೈಯುತ್ತಿದ್ದ.

"ಲೇ, ಅಳ್ಳಿ ಬಿಡೋ. ಅತ್ತರ ಕಣ್ಣ ತೊಳೀತಾವು, ಸಾಯಂಗಿಲ್ಲ," ಎಂದು ಗೌರಾಬಾಯಿ ಎಷ್ಟು ಸಲ ಹೇಳಿದಳೋ. ಕೇಳಬೇಕಲ್ಲ ಪುಣ್ಯಾತ್ಮ!

ರಾಜೇಶ್ವರಿಗೆ ಪೊಲೀಸ್ ಆಗಬೇಕಿತ್ತು. ಪಿಯುಸಿ ಓದುವಾಗ ಒಂದು ದಿನ ತಿಕೋಟಾ ಬಸ್ಸಿನಲ್ಲಿ ಹುಡುಗಿಯರ ಮೈಗೆ ಆತು ನಿಲ್ಲುತ್ತಿದ್ದವನೊಬ್ಬನನ್ನು ಮಹಿಳಾ ಪೇದೆಯೊಬ್ಬಳು ಕೊರಳಪಟ್ಟಿ ಹಿಡಿದು ಕೆಳಗಿಳಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಷ್ಟೇ. ಮರುದಿನದಿಂದ ನಸುಕಿನಲ್ಲೆದ್ದು ದ್ರಾಕ್ಷಿ ತೋಟಗಳ ನಡುವಿನ ರಸ್ತೆಯಲ್ಲಿ ಓಡುವುದು, ಬೇವಿನ ಟೊಂಗೆಗೆ ಜೋತುಬೀಳುವುದು, ಕಲ್ಲುಗುಂಡು ಎಸೆಯುವುದು ಶುರುವಾಯಿತು. ಓಟದಲ್ಲಿ ಅವಳನ್ನು ಹಿಡಿಯುವವರು ಸುತ್ತಿನ ಹಳ್ಳಿಗಳಲ್ಲಿ ಇರಲಿಲ್ಲ. ಓದಿನಲ್ಲೂ ಹಿಂದಿಲ್ಲ. ಅವಳ ಚಿಂತೆ ಒಂದೇ, ಎತ್ತರ. ನೂರಾ ಐವತ್ತೇಳು ಸೆಂಟಿಮೀಟರ್ ಇರಲೇಬೇಕು. ಒಂದು ಕೂದಲೆಳೆ ಕಡಿಮೆಯಾದರೂ ಮನೆಗೆ ಕಳಿಸುತ್ತಾರೆ.

ಹಾಗಾದರೆ ಒಂದು ಟೇಪು ಹಿಡಿದು ಅಳೆದರಾಯಿತಲ್ಲ ಎನ್ನುತ್ತೀರಿ. ಅಲ್ಲಿದ್ದಾಳಲ್ಲ ಗೌರಾಬಾಯಿ! ಭೀಮಾಶಂಕರ ಟೇಪು ತೆಗೆದದ್ದೇ ತಡ, ಮುದುಕಿ ಲಟ್ಟಣಿಗೆ ಹಿಡಿದುಕೊಂಡೇ ಅಡಿಗೆಮನೆಯಿಂದ ಹೊರಬಂದಳು.

"ಬೆಳಿಯೋ ಹುಡುಗಿಗಿ ಅಡಿಯಿಂದ ಮುಡಿತನಕ ಟೇಪ ಹಚ್ಚತೀ? ಹಂಗ ಅಳಿಯೋದು ಹೆಣಾನ್ನ, ಕುಣಿ ತೋಡಾಕ! ಮೊದಲ ಅಕೀ ಸಣ್ಣಾಕಿದ್ದಾಗ ಮಲಗಿದಾಕೀನ ದಾಟಿ ಹೋದಿ. ತಿರುಗಿ ದಾಟೋ ಅಂದ್ರ ಕೇಳಲಿಲ್ಲ. ಅದಕ್ಕ ಹಿಂಗ ಗಿಡ್ಡ ಉಳದಾಳ. ಇನ್ನ ಟೇಪ ಹಚ್ಚಿದ್ರ ಮುಗೀತು!"

ಈ ಮನೆಯಲ್ಲಿ ಅವ್ವನ ಮಾತು ಮೀರಿ ಯಾರೂ ಉಂಡವರಿಲ್ಲ. ಭೀಮಾಶಂಕರ ಟೇಪು ಸುತ್ತಿ ಒಳಗಿಟ್ಟ. ಆದರೆ ಅವನ ತಲೆ ಸುಮ್ಮನಿರುವ ತಲೆಯಲ್ಲ. ಮೈಗೆ ಹಚ್ಚುವುದು ತಾನೇ ತಪ್ಪು? ಮೈಗೆ ಹಚ್ಚದೆ ಅಳೆದರೆ?

ಆ ದಿನಗಳಲ್ಲಿ ಅವನು ದ್ರಾಕ್ಷಿ ಬೆಳೆಗಾರರ ನೀರಿನ ಟಾಕಿಗಳಿಗೆ ಒಂದು ಯಂತ್ರ ಮಾಡಿಕೊಡುತ್ತಿದ್ದ. ಬೆರಳುಗುರಿನಷ್ಟು ದೊಡ್ಡದೊಂದು ಲೇಸರ್ ಸೆನ್ಸರ್, ಬೆಂಕಿಪೊಟ್ಟಣಕ್ಕಿಂತ ಸಣ್ಣ ಒಂದು ಬೋರ್ಡು, ಅಂಕಿ ತೋರಿಸುವ ಪುಟ್ಟ ಪರದೆ. ಎಲ್ಲ ಸೇರಿ ಒಂದು ಒಳ್ಳೆಯ ಚಪ್ಪಲಿ ಜೋಡಿಯ ಬೆಲೆ. ಸೆನ್ಸರ್ ಕಣ್ಣಿಗೆ ಕಾಣದ ಬೆಳಕನ್ನು ಕೆಳಗೆ ಬಿಡುತ್ತದೆ, ಅದು ನೀರಿನ ಮೇಲೆ ತೇಲುವ ಬಿಳಿ ತಟ್ಟೆಗೆ ತಾಗಿ ತಿರುಗಿ ಬರಲು ಹಿಡಿದ ಹೊತ್ತನ್ನು ಲೆಕ್ಕಹಾಕಿ ದೂರ ಎಷ್ಟು ಎಂದು ಮಿಲಿಮೀಟರಿನಲ್ಲಿ ಹೇಳುತ್ತದೆ. ಬಬಲೇಶ್ವರ, ಸಾರವಾಡದವರೆಗೂ ಅವನ ಯಂತ್ರಗಳು ಟಾಕಿಯ ಬಾಯಲ್ಲಿ ಕೂತಿದ್ದವು. ಸಾಮಾನೆಲ್ಲ ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟಿರುವ ಗೆಳೆಯ ಅಶ್ಫಾಕನಿಂದ ಬರುತ್ತಿತ್ತು.

ಅಂಥದೇ ಒಂದನ್ನು ಭೀಮಾಶಂಕರ ತನ್ನ ಮನೆಯ ನಡುಬಾಗಿಲ ಚೌಕಟ್ಟಿನ ಮೇಲ್ಪಟ್ಟಿಗೆ ಮುಖ ಕೆಳಗೆ ಮಾಡಿ ಬಡಿದ. ಪಟ್ಟಿಯಿಂದ ನೆಲಕ್ಕೆ ಎಷ್ಟು ಎಂದು ಒಮ್ಮೆ ಟೇಪಿನಿಂದ ಅಳೆದು ಬೋರ್ಡಿಗೆ ಹೇಳಿಕೊಟ್ಟ. ಕೆಳಗೆ ಮಗಳು ನಿಂತರೆ ಸೆನ್ಸರಿನಿಂದ ಅವಳ ನೆತ್ತಿಗೆ ಎಷ್ಟು ಉಳಿಯಿತೋ ಅದನ್ನು ಕಳೆದರೆ ಎತ್ತರ ಬಂತು. ಕರಿಕೂದಲು ಬೆಳಕನ್ನು ನುಂಗಿ ಅಂಕಿಯನ್ನು ಕುಣಿಸುತ್ತದೆಂದು ತಲೆಯ ಮೇಲೊಂದು ಬಿಳಿ ಲಗ್ನಪತ್ರಿಕೆ ಇಟ್ಟುಕೊಂಡು ನಿಲ್ಲಬೇಕು, ಅಷ್ಟೇ. ಟೇಪಿಲ್ಲ, ಹಗ್ಗವಿಲ್ಲ. ಗೌರಾಬಾಯಿ ಸುತ್ತುಮುತ್ತ ನೋಡಿ, ಬೆಳಕು ತಾನೇ, ಬಿಸಿಲು ಬಿದ್ದಂಗ ಎಂದು ಒಪ್ಪಿಗೆ ಕೊಟ್ಟಳು.

ಮೊದಲ ದಿನ ಯಂತ್ರ ಹೇಳಿದ್ದು ನೂರಾ ಐವತ್ತೈದು ಪಾಯಿಂಟ್ ಆರು.

ರಾಜೇಶ್ವರಿ ಮೂರು ಸಲ ನಿಂತಳು. ಉಸಿರು ಬಿಗಿಹಿಡಿದು ನಿಂತಳು, ಕತ್ತು ನೀಳ ಮಾಡಿ ನಿಂತಳು. ಅಂಕಿ ಮೇಲೇರಲಿಲ್ಲ. ಹೋಗಿ ಗೋಡೆಗೆ ಮುಖ ಮಾಡಿ ಮಲಗಿದವಳು ರೊಟ್ಟಿ ಮುಟ್ಟಲಿಲ್ಲ, ಮಾತಾಡಲಿಲ್ಲ. ಮರುದಿನ ಓಡಲೂ ಹೋಗಲಿಲ್ಲ. ಚಾದರಿನೊಳಗೆ ಅವಳ ಭುಜ ಅಲುಗುವುದನ್ನು ನೋಡುತ್ತ ಭೀಮಾಶಂಕರ ಅಂಗಡಿಗೂ ಹೋಗದೆ ಕೂತ.

ಈ ಸೆನ್ಸರುಗಳಲ್ಲಿ ಪ್ರತಿಯೊಂದಕ್ಕೂ ಅದರದರದೇ ಚೂರು ತಪ್ಪು ಇರುತ್ತದೆ. ಒಂದು ಐದು ಮಿಲಿಮೀಟರ್ ಹೆಚ್ಚು ಹೇಳಿದರೆ ಇನ್ನೊಂದು ಹತ್ತು ಕಡಿಮೆ ಹೇಳುತ್ತದೆ. ಅದಕ್ಕೆಂದೇ ಬೋರ್ಡಿಗೆ ಬರೆಯುವ ಪ್ರೋಗ್ರಾಮಿನಲ್ಲಿ ಒಂದು ಸಾಲು ಇರುತ್ತದೆ: ಇಷ್ಟು ಕೂಡಿಸು, ಇಲ್ಲವೇ ಇಷ್ಟು ಕಳೆ. ಟಾಕಿಗಳ ಕೆಲಸದಲ್ಲಿ ಆ ಸಾಲನ್ನು ನೂರಾರು ಸಲ ತಿದ್ದಿದ ಕೈ ಅದು. ಮೂರನೆಯ ದಿನ ತಾಯಿ ಗುಡಿಗೆ ಹೋದಾಗ, ಮಗಳು ಇನ್ನೂ ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಭೀಮಾಶಂಕರ ಲ್ಯಾಪ್‌ಟಾಪಿಗೆ ತಂತಿ ಜೋಡಿಸಿ ಆ ಸಾಲಿನಲ್ಲಿ ಎತ್ತರಕ್ಕೆ ಹದಿನಾರು ಮಿಲಿಮೀಟರ್ ಕೂಡಿಸಿದ. ಅವನ ಲೆಕ್ಕ ಅವನಿಗಿತ್ತು. ಹುಡುಗಿಗೆ ಇನ್ನೂ ಹದಿನೆಂಟು, ಬೆಳೆಯುವ ವಯಸ್ಸು. ಅವಳು ಬೆಳೆದ ಹಾಗೆಲ್ಲ ತಾನು ಕೂಡಿಸಿದ್ದನ್ನು ಅಷ್ಟಷ್ಟೇ ಕಡಿಮೆ ಮಾಡುತ್ತ ಬಂದರಾಯಿತು. ಒಂದು ದಿನ ಕೂಡಿಸಿದ್ದು ಸೊನ್ನೆಯಾಗುತ್ತದೆ, ಸುಳ್ಳು ತಾನಾಗಿಯೇ ಖರೆ ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

"ಏಳ ರಾಜೂ, ಏಳವ್ವಾ. ಮಷೀನ್‌ದಾಗ ಜರಾ ಫರಕ್ ಇತ್ತು. ಸರಿ ಮಾಡೇನಿ, ಬಾ."

ಅವಳು ಕೆದರಿದ ಕೂದಲಲ್ಲೇ ಬಂದು ಲಗ್ನಪತ್ರಿಕೆ ಇಟ್ಟುಕೊಂಡು ನಿಂತಳು. ನೂರಾ ಐವತ್ತೇಳು ಪಾಯಿಂಟ್ ಎರಡು. ಆಹಾ, ಆ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು! "ಆಯೀ!" ಎಂದು ಅಜ್ಜಿಯನ್ನು ಕೂಗುತ್ತ ಬರಿಗಾಲಲ್ಲಿ ಗುಡಿಯ ಕಡೆ ಓಡಿದಳು. ಆ ಒಂದು ಓಟಕ್ಕಾಗಿ ಭೀಮಾಶಂಕರ ಇನ್ನೂ ನೂರು ಕೂಡಿಸುತ್ತಿದ್ದ.

ಸುಳ್ಳು ಮನೆಗೆ ಹೊಸ ಸೊಸೆಯಂತೆ ಬರುತ್ತದೆ, ಮೊದಮೊದಲು ಅದರ ಸದ್ದೇ ಇರುವುದಿಲ್ಲ. ಒಮ್ಮೆ ಮಾತ್ರ ಗೌರಾಬಾಯಿಯೇ ಅದರ ಸೆರಗು ಜಗ್ಗಿದಳು. ಬಾಗಿಲಲ್ಲಿ ಹಾದುಹೋಗುವಾಗ ತನ್ನ ಅಂಕಿಯನ್ನೂ ಓದಿಸುವುದು ಮುದುಕಿಗೆ ಚಟವಾಗಿತ್ತು.

"ಯಾಕಲೇ ಭೀಮಾ, ಮುಪ್ಪಿನ್ಯಾಗ ನಾನೂ ಬೆಳಿಯಾಕತ್ತೇನೇನು? ಮೊನ್ನಿಗಿಂತ ಇವತ್ತ ಹೆಚ್ಚ ಹೇಳಾಕತ್ತೈತಿ!"

ಉತ್ತರ ಕೊಟ್ಟವಳು ರಾಜೇಶ್ವರಿ. "ಮೊನ್ನಿ ಮಷೀನ್ ತಪ್ಪಿತ್ತು ಆಯಿ, ಅಪ್ಪ ಸರಿ ಮಾಡ್ಯಾನಲ್ಲ. ನೀ ಸೆರಗ ಬ್ಯಾರೆ ಹೊತ್ತೀದಿ," ಎಂದು ನಕ್ಕಳು. ಅಪ್ಪನ ಕೆಲಸಕ್ಕೆ ಹೆಸರಿಡಲು ಅವಳು ಯಾರಿಗೂ ಬಿಡುತ್ತಿರಲಿಲ್ಲ.

ವಿಜಯಪುರದ ಕೋಚಿಂಗ್ ಕ್ಲಾಸಿನಲ್ಲೊಮ್ಮೆ ಗೋಡೆಗೆ ಎಳೆದ ಬಣ್ಣದ ಗೆರೆಗೆ ಹುಡುಗಿಯರನ್ನು ನಿಲ್ಲಿಸಿ ನೋಡಿದರು. ಇವಳಿಗೆ ಕಡಿಮೆ ಬಿತ್ತು. ಬಾಡಿದ ಮುಖ ಮಾಡಿಕೊಂಡು ಬಂದವಳಿಗೆ ಭೀಮಾಶಂಕರ, ಮನುಷ್ಯ ಮುಂಜಾನೆ ಎತ್ತರ ಇರುತ್ತಾನೆ, ಸಂಜೆ ಹೊತ್ತಿಗೆ ಬೆನ್ನುಮೂಳೆ ಕುಸಿದು ಗಿಡ್ಡನಾಗುತ್ತಾನೆ ಎಂದು ತಿಳಿಹೇಳಿದ. ಮಾತು ಖರೆಯೇ. ಖರೆ ಮಾತನ್ನು ಸುಳ್ಳಿಗೆ ಊರುಗೋಲು ಮಾಡುವವರ ಹತ್ತಿರ ಹುಷಾರಾಗಿರಬೇಕು ನೋಡಿ.

"ಗ್ವಾಡಿಗಿ ಗೆರಿ ಎಳದಾವ ಪೇಂಟರ್. ನಮ್ಮಪ್ಪನ ಲೇಸರ್ ಮುಂದ ಅದೇನ್ ಹಚ್ಚೀರಿ!" ಎಂದು ಅವಳು ಮರುದಿನ ಕ್ಲಾಸಿನಲ್ಲಿ ಹೇಳಿಬಂದಳಂತೆ.

ಅವಳು ಬೆಳೆಯಲಿಲ್ಲವೇ? ಬೆಳೆದಳು. ಟೊಂಗೆಗೆ ಜೋತುಬಿದ್ದದ್ದಕ್ಕೋ, ವಯಸ್ಸಿಗೋ, ವರ್ಷದೊಳಗೆ ನಾಲ್ಕು ಮಿಲಿಮೀಟರ್ ಬೆಳೆದಳು. ಭೀಮಾಶಂಕರ ತನ್ನ ಲೆಕ್ಕದ ಪ್ರಕಾರ ಕೂಡಿಸಿದ್ದರಲ್ಲಿ ನಾಲ್ಕು ಕಳೆದ. ಹೀಗಾಗಿ ಯಂತ್ರ ಅದೇ ಐವತ್ತೇಳು ಪಾಯಿಂಟ್ ಎರಡರ ಮೇಲೆ ನಿಂತಿತು.

"ಇಷ್ಟ ಜೋತು ಬಿದ್ರೂ ಒಂದ ಎಳಿ ಬೆಳೀಲಿಲ್ಲಲ್ಲಪಾ," ಎಂದು ಅವಳು ಅಂಗೈಯ ಗುಳ್ಳೆಗಳನ್ನು ನೋಡಿಕೊಂಡಳು. "ಹೋಗ್ಲಿ, ಸಾಲುವಷ್ಟ ಐತಲ್ಲ."

ಭೀಮಾಶಂಕರ "ಹೂಂ" ಎಂದ. ಆ ನಾಲ್ಕರ ನಂತರ ಅವಳು ಬೆಳೆಯಲಿಲ್ಲ. ಇನ್ನೂ ಹನ್ನೆರಡು ಉಳಿದೇ ಇತ್ತು.

ಎರಡನೆಯ ವರ್ಷ ನರ್ಸಿಂಗ್ ಸೀಟಿನ ಮಾತು ಬಂತು. ಕೋಚಿಂಗಿನ ಗೆಳತಿಯರ ಜೊತೆ ಸುಮ್ಮನೆ ಅರ್ಜಿ ಹಾಕಿದ್ದಳು, ಸರಕಾರಿ ಕಾಲೇಜಿನಲ್ಲಿ ಹಾಸ್ಟೆಲ್ ಸಮೇತ ಸೀಟು ಬಂದೇಬಿಟ್ಟಿತು. ಅಂಥ ಸೀಟಿಗಾಗಿ ಜನ ದೇವರಿಗೆ ಉರುಳುಸೇವೆ ಮಾಡುತ್ತಾರೆ. ಆ ವಾರದೊಳಗೆ ಸೇರಬೇಕು, ಇಲ್ಲವೇ ಬೇರೆಯವರಿಗೆ ಹೋಗುತ್ತದೆ. ಗೌರಾಬಾಯಿ, ಹೋಗು ಮಗಳೇ, ಸೂಜಿ ಚುಚ್ಚುವ ಕೈಗೆ ಯಾವ ಊರಲ್ಲೂ ಅನ್ನವಿದೆ ಎಂದಳು. ರಾಜೇಶ್ವರಿ ತಾಟಿನ ಮುಂದೆ ಕೂತು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅಪ್ಪನನ್ನು ನೋಡಿದಳು.

"ಅಪ್ಪಾ, ನನಗ ಪೊಲೀಸ್ ಆಗೋದ ಬೇಕು, ನಿನಗ ಗೊತ್ತೈತಿ. ಆದ್ರ ಎತ್ತರದ್ದೊಂದ ಅಂಜಿಕಿ. ನೀ ಖರೇ ಹೇಳು. ನನ್ನ ಎತ್ತರ ಸಾಲತೈತಿ? ಸಾಲತೈತಿ ಅಂದ್ರ ಸೀಟ್ ಬಿಡ್ತೇನಿ. ಇಲ್ಲಂದ್ರ ನಾಳೆನ ಹೋಗಿ ಸೇರ್ತೇನಿ."

ಇದಕ್ಕಿಂತ ಸ್ವಚ್ಛವಾಗಿ ಯಾರು ಕೇಳುತ್ತಾರೆ ಹೇಳಿ! ದೇವರೇ ಮುಂದೆ ಬಂದು ಕೂತು, ತಗೋ ಭೀಮಾ, ಇನ್ನೊಂದು ಅವಕಾಶ ಎಂದು ಕೊಟ್ಟ ಹಾಗಿತ್ತು. ಭೀಮಾಶಂಕರನ ನಾಲಗೆ ತುದಿಗೆ ಮಾತು ಬಂತು. ಆದರೆ ಅವಳ ಕಣ್ಣು! ಖರೆ ಹೇಳಿದರೆ ಆ ಕಣ್ಣು ತುಂಬುತ್ತದೆ, ಮತ್ತೆ ಆ ಚಾದರು, ಮತ್ತೆ ಆ ಗೋಡೆ. ಜೊತೆಗೆ, ಅಪ್ಪಾ, ನೀ ನನಗ ಸುಳ್ಳ ಹೇಳಿದ್ಯಾ ಎಂಬ ಪ್ರಶ್ನೆ. ಅವನು ನಡುಬಾಗಿಲ ಕಡೆ ನೋಡಿದ.

"ಮಷೀನ್ ಹೇಳಾಕತ್ತೈತಲ್ಲ," ಎಂದ.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಅವಳು ಮಾತ್ರ ಅದನ್ನು ಹೌದೆಂದೇ ತೆಗೆದುಕೊಂಡಳು. ಮತ್ತಿನ್ನೇನು ತೆಗೆದುಕೊಳ್ಳುತ್ತಾಳೆ? ಸೀಟು ಹೋಯಿತು.

ಈ ವಿಷಯ ಗೊತ್ತಿದ್ದವನು ಜಗತ್ತಿನಲ್ಲಿ ಇನ್ನೊಬ್ಬನೇ. ಟಾಕಿಯ ಸಾಮಾನು ತರಲು ಹೋದಾಗ ಭೀಮಾಶಂಕರ ಒಂದು ದಿನ ಅಶ್ಫಾಕನ ಅಂಗಡಿಯ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕಾರಿಕೊಂಡ. ಅಶ್ಫಾಕ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ.

"ಏನ್ ಮಾಡೀಯೋ ಮಾರಾಯಾ! ಟಾಕಿ ಅಳತಿ ತಪ್ಪಿದ್ರ ಒಂದ ಮೋಟಾರ ಸುಡತೈತಿ, ಹೊಸಾ ತಂತಿ ಸುತ್ತಿಸಿ ಕೊಡ್ತಿ. ಇದನ್ನೇನ್ ಸುತ್ತಿಸ್ತಿ? ಇವತ್ತ ಹೋಗಿ ಹೇಳ. ಅಳ್ತಾಳ, ಬೈತಾಳ, ನಾಕ ದಿನ ಮಾತ ಬಿಡ್ತಾಳ. ಬಿಡ್ಲಿ!"

"ಹೇಳ್ತೇನಿ. ಲಿಖಿತ ಪರೀಕ್ಷೆ ಮುಗೀಲಿ. ಈಗ ಹೇಳಿದ್ರ ಓದೋದ ಬಿಡ್ತಾಳ."

ಪರೀಕ್ಷೆ ಮುಗಿಯಿತು. ದೀಪಾವಳಿ ಹೋಗಲಿ ಎಂದ, ಹೋಯಿತು. ಫಲಿತಾಂಶ ಬರಲಿ, ಒಂದು ವೇಳೆ ಪಾಸೇ ಆಗದಿದ್ದರೆ ಹೇಳುವ ಗೋಜೇ ಇಲ್ಲವಲ್ಲ ಎಂದುಕೊಂಡ. ನೋಡಿ, ಹೆತ್ತ ತಂದೆ ಮಗಳು ಫೇಲಾಗಲಿ ಎಂದು ಒಳಗೊಳಗೆ ಬೇಡಿಕೊಳ್ಳುವ ಮಟ್ಟಕ್ಕೆ ಇಳಿದಿದ್ದ. ಆದರೆ ಹುಡುಗಿ ಫೇಲಾಗುವ ಪೈಕಿಯವಳಲ್ಲ. ಒಳ್ಳೆಯ ಅಂಕ ಬಂದವು, ದೇಹದಾರ್ಢ್ಯ ಪರೀಕ್ಷೆಗೆ ಕರೆ ಬಂತು. ಗೌರಾಬಾಯಿ ಓಣಿಗೆಲ್ಲ ಹೋಳಿಗೆ ಹಂಚಿದಳು.

ಪರೀಕ್ಷೆಯ ದಿನ ಬೆಳಗ್ಗೆ ಹೊರಡುವಾಗ ರಾಜೇಶ್ವರಿ ಕುರ್ಚಿ ಹತ್ತಿ ನಡುಬಾಗಿಲ ಮೇಲಿನ ಯಂತ್ರವನ್ನು ಬಿಚ್ಚತೊಡಗಿದಳು.

"ಅದ್ಯಾಕವ್ವಾ?" ಎನ್ನುತ್ತ ಭೀಮಾಶಂಕರ ಕುರ್ಚಿಯ ಹತ್ತಿರ ಬಂದ.

"ಇರ್ಲಿ ಬಿಡಪಾ. ಏನಾರ ತಕರಾರ ಆದ್ರ ತೋರಸಾಕ ಬೇಕು."

ಬೇಡವೆನ್ನಲು ಅವನಿಗೆ ಒಂದು ನೆಪವೂ ಹೊಳೆಯಲಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಯಂತ್ರ, ಹಿಂದೆ ಮಗಳು. ವಿಜಯಪುರದವರೆಗೂ ಅವಳು ಬೆನ್ನ ಹಿಂದಿನಿಂದ ಮಾತಾಡುತ್ತಲೇ ಇದ್ದಳು. ಮೊದಲ ಪಗಾರದಲ್ಲಿ ಆಯಿಗೆ ಇಳಕಲ್ ಸೀರೆ, ಅಪ್ಪನಿಗೆ ಹೊಸ ಲ್ಯಾಪ್‌ಟಾಪು. ದಾರಿಯಲ್ಲಿ ಒಂದು ಕಡೆ ಗಾಡಿ ನಿಲ್ಲಿಸಿ ಹೇಳಿಬಿಡಬೇಕೆಂದು ಅವನು ಎರಡು ಸಲ ಬ್ರೇಕಿಗೆ ಕಾಲಿಟ್ಟ. ಎರಡು ಸಲವೂ ಕಾಲು ತೆಗೆದ. ಯಾರಿಗೆ ಗೊತ್ತು, ಮುಂಜಾನೆಯ ಹೊತ್ತು, ಮೈ ನೀಳವಾಗಿರುತ್ತದೆ, ಅಳೆಯುವವರು ಕಂಡೂ ಕಾಣದ ಹಾಗೆ ಬಿಟ್ಟಾರು, ಒಂದು ಸೆಂಟಿಮೀಟರ್ ತಾನೇ. ಬಡವನ ಹತ್ತಿರ ಉಳಿಯುವ ಕೊನೆಯ ಬಂಡವಾಳ ಇಂಥ ಆಸೆ.

ಪಾಲಕರನ್ನು ಮೈದಾನದ ಒಳಗೆ ಬಿಡುವುದಿಲ್ಲ. ಭೀಮಾಶಂಕರ ತಂತಿಬೇಲಿ ಹಿಡಿದು ಹೊರಗೆ ನಿಂತ. ರಾಜೇಶ್ವರಿ ಓಡಿದಳು. ಎಲ್ಲರನ್ನೂ ಹಿಂದೆ ಹಾಕಿ ಓಡಿದಳು, ಬೇಲಿಯ ಹೊರಗಿದ್ದ ಅಪರಿಚಿತರೂ ಸೀಟಿ ಹೊಡೆದರು. ಉದ್ದಜಿಗಿತದಲ್ಲಿ ಗೆರೆ ದಾಟಿ ಬಿದ್ದಳು, ಗುಂಡು ಎಸೆದಳು. ಪ್ರತಿಸಲ ತಿರುಗಿ ಅಪ್ಪನ ಕಡೆ ಕೈ ಎತ್ತಿದಳು. ಅವನೂ ಕೈ ಎತ್ತಿದ. ಆಮೇಲೆ ಶಾಮಿಯಾನದ ಕೆಳಗೆ ಎತ್ತರ ಅಳೆಯುವ ಕಂಬದ ಮುಂದೆ ಸಾಲು ಶುರುವಾಯಿತು.

ಸ್ವಲ್ಪ ಹೊತ್ತಿಗೆ ಅವಳು ಗೇಟಿನ ಕಡೆ ಓಡಿಬಂದಳು. ಮುಖ ಕೆಂಪಗಾಗಿತ್ತು, ಅಳು ಇರಲಿಲ್ಲ, ಸಿಟ್ಟಿತ್ತು.

"ಅಪ್ಪಾ, ಮಷೀನ್ ತಗೊಂಡ ಬಾ ಲಗೂ! ನೂರಾ ಐವತ್ತಾರು ಅಂತಾರ. ಅವರ ಕಂಬ ತಪ್ಪೈತಿ. ನಮ್ಮಪ್ಪ ಮೂರು ವರ್ಷದಿಂದ ಲೇಸರ್‌ಲೆ ಅಳಿಯಾಕತ್ತಾನ, ಒಂದ ದಿನಾನೂ ಐವತ್ತೇಳಕ್ಕ ಕಡಿಮಿ ಬಂದಿಲ್ಲ ಅಂತ ಹೇಳೇನಿ. ಅಳತಿ ಬರಕೊಳ್ಳೋ ಮೇಡಂ ನಿನ್ನ ಕರಕೊಂಡ ಬಾ ಅಂದಾರ. ಬಾ!"

"ರಾಜೂ, ನಿಲ್ಲ. ಒಂದ ಮಾತ..."

"ಮಾತ ಆಮ್ಯಾಲೆ ಆಡೂನು, ಬಾರಪಾ!" ಅವಳೇ ಡಿಕ್ಕಿ ತೆಗೆದು ಯಂತ್ರ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಅವನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋದಳು.

ಮೇಜಿನ ಹಿಂದೆ ಕೂತಿದ್ದ ಮೇಡಂ ನಡುವಯಸ್ಸಿನವಳು. ಬೈಯುವವಳಲ್ಲ. ಯಂತ್ರವನ್ನು ತಿರುಗಿಸಿ ನೋಡಿ, "ಛಲೋ ಮಾಡೀರಿ," ಎಂದಳು. "ನಿಮ್ಮ ಹುಡುಗಿ ಓಡಿದ್ದು ನೋಡೇನಿ. ಇಂಥಾಕೀನ ಕಳಸಾಕ ನನಗೂ ಮನಸಿಲ್ಲ. ತಕರಾರ ಐತಿ ಅಂದ್ರ ಇನ್ನೊಮ್ಮೆ ಅಳೀತೇವಿ, ನಿಮ್ಮ ಮುಂದನ. ಏನ್ರಿ, ನಿಮ್ಮ ಮಷೀನ್ ಖರೇ ಐವತ್ತೇಳು ಅಂತೈತಿ?"

ರಾಜೇಶ್ವರಿ ಅಪ್ಪನ ಪಕ್ಕದಲ್ಲಿ ಎದೆಯೆತ್ತಿ ನಿಂತಿದ್ದಳು. ಸಾಲಿನಲ್ಲಿದ್ದ ಹುಡುಗಿಯರೆಲ್ಲ ಇತ್ತಲೇ ನೋಡುತ್ತಿದ್ದರು. ಮೂರು ವರ್ಷದಿಂದ ಭೀಮಾಶಂಕರನ ಒಳಗೇ ಉಳಿದಿದ್ದು ಅಲ್ಲಿ, ಅಷ್ಟು ಜನರ ನಡುವೆ ಹೊರಗೆ ಬಂತು.

"ನಿಮ್ಮ ಕಂಬ ಸರಿ ಐತ್ರಿ ಮೇಡಂ. ಮಷೀನ್‌ದ್ದೂ ತಪ್ಪಿಲ್ಲ. ತಪ್ಪು ನಂದು. ಅಕಿ ಅಳಬಾರದಂತ ನಾನ ಅದರಾಗ ಕೂಡಿಸಿ ಇಟ್ಟೇನ್ರಿ."

ಮೇಡಂ ಯಂತ್ರವನ್ನು ಮೇಜಿನ ಮೇಲಿಟ್ಟಳು. ರಾಜೇಶ್ವರಿ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ, ನಂಬುತ್ತೀರೋ ಇಲ್ಲವೋ, ಅವಳು ಅಪ್ಪನಿಗೆ ಅಡ್ಡಬಂದು ನಿಂತಳು.

"ಸುಳ್ಳ್ರಿ ಮೇಡಂ! ಅಂಜಿ ಹೇಳಾಕತ್ತಾನ್ರಿ. ನಮ್ಮಪ್ಪಗ ಪೊಲೀಸ್ರಂದ್ರ ಅಂಜಿಕಿ, ಖಾಕಿ ನೋಡಿದ್ರ ಸಾಕು ತಪ್ಪು ನಂದ ಅಂತಾನ. ನಮ್ಮಪ್ಪ ನನಗ ಸುಳ್ಳ ಹೇಳಾವಲ್ರಿ. ಅಳೀರಿ ನೀವು, ಅಳೀರಿ!"

ಅಯ್ಯೋ ಹುಡುಗೀ! ಸುಳ್ಳು ಹೇಳಿದಾಗಲೆಲ್ಲ ನಂಬಿದಳು, ಖರೆ ಹೇಳಿದ ಒಂದೇ ಒಂದು ದಿನ ಅವನ ಮರ್ಯಾದೆ ಕಾಯಲು ನಿಂತಳು. ಭೀಮಾಶಂಕರನಿಗೆ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುವಂತಾಯಿತು.

ಅಳೆದರು. ಅವಳು ಬರಿಗಾಲಲ್ಲಿ ಹಿಮ್ಮಡಿ ಕೂಡಿಸಿ, ಗದ್ದ ನೇರ ಮಾಡಿ ಕಂಬಕ್ಕೆ ಬೆನ್ನು ಹಚ್ಚಿ ನಿಂತಳು. ಮೇಲಿನಿಂದ ಪಟ್ಟಿ ಇಳಿದು ನೆತ್ತಿಗೆ ಕೂತಿತು. "ನೀವೇ ಓದ್ರಿ," ಎಂದಳು ಮೇಡಂ. ಭೀಮಾಶಂಕರ ಹತ್ತಿರ ಹೋದ. ಗೆರೆಗಳು ಕಣ್ಣೀರಲ್ಲಿ ಒಂದರ ಮೇಲೊಂದು ಓಡಾಡಿದವು, ತೋಳಿನಿಂದ ಒರೆಸಿಕೊಂಡು ಮತ್ತೆ ನೋಡಿದ. ಅವಳು ತಲೆ ಅಲುಗಿಸದೆ, ಎದುರಿಗೇ ದೃಷ್ಟಿ ಇಟ್ಟುಕೊಂಡು ಕೇಳಿದಳು.

"ಎಷ್ಟ ಐತಪಾ?"

"ನೂರಾ ಐವತ್ತಾರು, ರಾಜೂ."

"ಮತ್ತೊಮ್ಮೆ ನೋಡು."

"ನೂರಾ ಐವತ್ತಾರವ್ವಾ. ಮನ್ಯಾಗೂ ಅಷ್ಟ ಇತ್ತು."

ಅವಳು ಕಂಬದಿಂದ ಈಚೆ ಬಂದು ಬೂಟು ಹಾಕಿಕೊಂಡಳು. ಲೇಸು ಕಟ್ಟಲು ಬಹಳ ಹೊತ್ತು ಹಿಡಿಯಿತು. ಮೇಡಂ ಅವಳ ಬೆನ್ನ ಮೇಲೆ ಕೈಯಿಟ್ಟು ಏನೋ ಹೇಳಿದಳು, ಅವಳು ತಲೆಯಾಡಿಸಿದಳು. ಸಹಿ ಮಾಡು ಎಂದ ಕಡೆ ಸಹಿ ಮಾಡಿದಳು.

ಹೊರಗೆ ರಸ್ತೆಯಲ್ಲಿ ಬಿಸಿಲು ಏರಿತ್ತು. ಅವಳು ಮುಂದೆ, ಅವನು ಸ್ಕೂಟರ್ ತಳ್ಳುತ್ತ ಹಿಂದೆ. ಚಹಾದ ಗಾಡಿ ದಾಟಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿದ. ಹದಿನಾರು ಕೂಡಿಸಿದ್ದು, ಬೆಳೆದ ಹಾಗೆ ಕಳೆಯೋಣ ಎಂದುಕೊಂಡದ್ದು, ನಾಲ್ಕು ಕಳೆದದ್ದು. ಅವಳು ನಿಂತು ತಿರುಗಿದಳು.

"ಹಂಗಾರ ನಾ ಬೆಳದಿದ್ನಾ?"

"ಬೆಳದಿದ್ದಿ ಅವ್ವಾ. ನಾಕ ಮಿಲಿಮೀಟರ್."

"ಅದನ್ನೂ ಹೇಳಲಿಲ್ಲಲ್ಲೋ ಅಪ್ಪಾ."

ಆಗ ಅತ್ತಳು. ಗಟ್ಟಿಯಾಗಿ ಅಲ್ಲ, ನಿಂತಲ್ಲೇ, ಕೈ ಕೆಳಗೆ ಬಿಟ್ಟುಕೊಂಡು. ಹೋಗಿ ಬರುವ ಆಟೋದವರು ನೋಡುತ್ತಿದ್ದರು. ಭೀಮಾಶಂಕರ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಹತ್ತಿರ ಹೋದ, ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಹುಟ್ಟಿದಾಗಿನಿಂದ ಅವಳು ಹಾಗೆ ಸರಿದದ್ದು ಅದೇ ಮೊದಲು.

"ನೀ ಅಳೋದು ನನಗ ನೋಡಾಕ ಆಗ್ಲಿಲ್ಲ ರಾಜೂ."

"ಹಂಗಾರ ಈಗ ನೋಡು," ಎಂದಳು. "ಆವತ್ತ ಹೇಳಿದ್ರ ನಾಕ ದಿನ ಅಳ್ತಿದ್ದೆ. ಆಮ್ಯಾಲೆ ಮುಖ ತೊಳಕೊಂಡು ಹೋಗಿ ನರ್ಸಿಂಗ್ ಸೇರ್ತಿದ್ದೆ. ಗಿಡ್ಡ ಇದ್ದೇನಿ ಅಂತ ಗೊತ್ತಾದ್ರ ನಾ ಏನ್ ಸಾಯ್ತಿದ್ನಾ? ನೀ ತಡಕೊಳ್ಳಾಕ ಆಗ್ಲಿಲ್ಲ ಅಂತ ನನ್ನ ಮೂರ ವರ್ಷ ಓಡಿಸಿದಿ."

ಅವನು ಕೈ ಮುಗಿದ. ನಡುರಸ್ತೆಯಲ್ಲಿ, ಹೆತ್ತ ಮಗಳಿಗೆ, ಎರಡೂ ಕೈ ಎತ್ತಿ ಮುಗಿದ. "ತಪ್ಪಾತವ್ವಾ. ಇನ್ನೊಮ್ಮೆ ಹಂಗ ಮಾಡಂಗಿಲ್ಲ. ನಿನ್ನಾಣೆ, ಇನ್ನ ಮ್ಯಾಲೆ ಖರೇನ ಹೇಳ್ತೇನಿ."

ರಾಜೇ‌ಶ್ವರಿ ಅವನ ಕೈಗಳನ್ನು ನೋಡಿದಳು, ಮುಖ ನೋಡಿದಳು. ಸಿಟ್ಟು ಇಳಿದುಹೋಗಿತ್ತು. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು.

"ಖರೇ ಹೇಳಾಕತ್ತೀಯೋ, ನಾ ಅಳೋದ ನಿಲ್ಲಿಸ್ಲಿ ಅಂತ ಹೇಳಾಕತ್ತೀಯೋ, ಯಾರನ್ನ ಕೇಳ್ಲಿ ಅಪ್ಪಾ?" ಎಂದಳು. "ಇಷ್ಟ ದಿನ ಯಾವುದು ಖರೇ ಅಂತ ಗೊತ್ತಾಗಲಿಲ್ಲಂದ್ರ ನಿನ್ನ ಕೇಳ್ತಿದ್ದೆ."

ತಿಕೋಟಾದ ಕಡೆ ಹೋಗುವ ಬಸ್ಸು ಬಂತು. ಅವಳು ಕೈ ಮಾಡಿ ನಿಲ್ಲಿಸಿ ಹತ್ತಿದಳು. ಭೀಮಾಶಂಕರ ಕೈ ಮುಗಿದುಕೊಂಡೇ ನಿಂತಿದ್ದ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು.